ಮಕ್ಕಳನ್ನು ಕಟ್ಟಿಕೊಂಡು ಮೊದಲ ಕ್ರೂಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಸಲ ಹೋದಾಗ ಮಗಳಿಗೆ ಐದು ವರ್ಷ, ಮಗನಿಗೆ ಒಂದೂವರೆ, ಅತ್ತೆಗೆ ಎಪ್ಪತ್ತು ಹತ್ತಿರ. ಮುಂಬೈಯಿಂದ ಗೋವಾಕ್ಕೆ ಎರಡು ರಾತ್ರಿಯ ಕ್ರೂಸ್. ಮರುವರ್ಷ ಇದೇ ತಂಡ ಸಿಂಗಪುರದಿಂದ ನಾಲ್ಕು ರಾತ್ರಿಯ ಪ್ರಯಾಣ ಮಾಡಿತು. ಆಮೇಲೆ ಮದುವೆಮನೆಯ ಪಂಕ್ತಿಯಲ್ಲಿ, ಶಾಲೆಯ ಗೇಟಿನ ಬಳಿ, ಫೋನಿನಲ್ಲಿ ಕೇಳಿಬಂದ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಹೋಗುವುದೋ ಬೇಡವೋ

ಇಷ್ಟು ಚಿಕ್ಕ ಮಕ್ಕಳನ್ನು ಹಡಗಿಗೆ ಹತ್ತಿಸಿಕೊಳ್ಳುತ್ತಾರೆಯೇ?

ಹತ್ತಿಸಿಕೊಳ್ಳುತ್ತಾರೆ. ಬಹುತೇಕ ಅಂತರರಾಷ್ಟ್ರೀಯ ಕ್ರೂಸ್ ಕಂಪನಿಗಳಲ್ಲಿ ಮಗುವಿಗೆ ಕನಿಷ್ಠ 6 ತಿಂಗಳಾಗಿರಬೇಕು. ಬಂದರು ಸಿಗದೆ ದಿನಗಟ್ಟಲೆ ಸಾಗುವ ಸಾಗರದಾಚೆಯ ಪ್ರಯಾಣಗಳಿಗೆ 12 ತಿಂಗಳು. ವಯಸ್ಸನ್ನು ಹಡಗು ಹತ್ತುವ ದಿನಕ್ಕೆ ಲೆಕ್ಕ ಹಾಕುತ್ತಾರೆ, ಟಿಕೆಟ್ ಕೊಂಡ ದಿನಕ್ಕಲ್ಲ. ಗರ್ಭಿಣಿಯರಿಗೂ ಮಿತಿಯಿದೆ: ಪ್ರಯಾಣದ ಯಾವುದೇ ದಿನ 24ನೇ ವಾರಕ್ಕೆ ಕಾಲಿಡುವಂತಿದ್ದರೆ ಸಾಮಾನ್ಯವಾಗಿ ಬಿಡುವುದಿಲ್ಲ. ಎರಡನೆಯ ಮಗುವಿನ ನಿರೀಕ್ಷೆಯಲ್ಲಿರುವವರು ಇದನ್ನು ಮೊದಲೇ ನೋಡಿಕೊಳ್ಳಿ.

ಹತ್ತಿಸಿಕೊಳ್ಳುತ್ತಾರೆ ಎಂದ ಮಾತ್ರಕ್ಕೆ ಎಲ್ಲ ವಯಸ್ಸೂ ಸುಲಭವಲ್ಲ. ಮಡಿಲಲ್ಲೇ ಇರುವ ಎಂಟು ತಿಂಗಳ ಕೂಸು ನಿಭಾಯಿಸಬಹುದಾದ ಪ್ರಯಾಣಿಕ. ಮೂರು ತುಂಬಿದ ಮಗುವಿಗೆ ಹಡಗೇ ಜಾತ್ರೆ. ನಡುವಿನ ಒಂದರಿಂದ ಎರಡೂವರೆ ವರ್ಷದ್ದೇ ಕಷ್ಟ. ನಡೆಯುತ್ತದೆ, ಓಡುತ್ತದೆ, ಹೇಳಿದ್ದು ಕೇಳುವುದಿಲ್ಲ, ಮಕ್ಕಳ ಕ್ಲಬ್‌ಗೂ ಸೇರಿಸಿಕೊಳ್ಳುವುದಿಲ್ಲ. ನಾವು ಹೋಗಿದ್ದು ಎರಡು ಸಲವೂ ಅಂಥದ್ದೊಂದನ್ನು ಎತ್ತಿಕೊಂಡೇ.

ಮೊದಲ ಸಲಕ್ಕೆ ಎಷ್ಟು ದಿನ, ಎಲ್ಲಿಂದ?

ಎರಡು ಅಥವಾ ಮೂರು ರಾತ್ರಿ. ಮಗುವಿಗೆ ಹಡಗು ಒಗ್ಗಲಿಲ್ಲವೆಂದರೆ ಮೂರನೆಯ ದಿನ ನೆಲ ಕಾಣಿಸುತ್ತದೆ ಎಂಬ ಧೈರ್ಯವಿರಲಿ.

ಬೆಂಗಳೂರಿನವರಿಗೆ ಎರಡು ದಾರಿಗಳಿವೆ. ಮೊದಲನೆಯದು ಮುಂಬೈಯಿಂದ ಗೋವಾ, ಕೊಚ್ಚಿ ಅಥವಾ ಲಕ್ಷದ್ವೀಪಕ್ಕೆ ಹೋಗುವ ಕಾರ್ಡೆಲಿಯಾ ಕಂಪನಿಯ ಹಡಗು. ನಮ್ಮ ಊಟ, ನಮ್ಮ ರೂಪಾಯಿ, ಪಾಸ್‌ಪೋರ್ಟಿನ ಗೊಡವೆಯಿಲ್ಲ. ಎಂಪ್ರೆಸ್ ಎಂಬ ಆ ಹಡಗು 1990ರದು, ಉದ್ದ ಸುಮಾರು 210 ಮೀಟರ್. ಈಗಿನ ದೈತ್ಯ ಹಡಗುಗಳ ಚಿತ್ರ ನೋಡಿ ಹೋದವರಿಗೆ ನಿರಾಸೆಯಾಗಬಹುದು. ಮಗುವಿನ ಕೈಹಿಡಿದು ನಡೆಯುವವರಿಗೆ ಮಾತ್ರ ಚಿಕ್ಕ ಹಡಗೇ ವಾಸಿ.

ಎರಡನೆಯದು ಸಿಂಗಪುರ. ವಿಮಾನದಲ್ಲಿ ನಾಲ್ಕೂವರೆ ಗಂಟೆ, ಅಲ್ಲಿಂದ ಮೂರರಿಂದ ಐದು ರಾತ್ರಿಯ ಪ್ರಯಾಣಗಳು ಬೇಕಾದಷ್ಟಿವೆ. 335 ಮೀಟರ್ ಉದ್ದದ ಗೆಂಟಿಂಗ್ ಡ್ರೀಮ್, ರಾಯಲ್ ಕೆರಿಬಿಯನ್ ಕಂಪನಿಯ ಹಡಗುಗಳು, ಡಿಸ್ನಿಯವರ ಅಡ್ವೆಂಚರ್. ಇವು ತೇಲುವ ಊರುಗಳು. ಮೊದಲ ಸಲಕ್ಕೆ ಮುಂಬೈ, ರುಚಿ ಹತ್ತಿದರೆ ಸಿಂಗಪುರ ಎನ್ನುವುದು ನನ್ನ ಸಲಹೆ. ಯಾವ ಊರಾದರೂ ಹಿಂದಿನ ದಿನವೇ ತಲುಪಿ. ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲ. ಮುಂಬೈಗೆ ರೈಲಿನಲ್ಲಿ ಹೋಗುವವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಅನುಕೂಲ. ಅದು ನಿಲ್ಲುವ ಸಿಎಸ್‌ಎಂಟಿ ನಿಲ್ದಾಣದಿಂದ ಹಡಗು ಹತ್ತುವ ಬಲ್ಲಾರ್ಡ್ ಪಿಯರ್‌ಗೆ ಟ್ಯಾಕ್ಸಿಯಲ್ಲಿ ಹತ್ತು ನಿಮಿಷದ ಮಾತು.

ಮಂಗಳೂರಿನಲ್ಲಿ ಬಂದರಿದೆಯಲ್ಲ, ಅಲ್ಲಿಂದಲೇ ಹತ್ತಬಾರದೇ?

ಪಣಂಬೂರಿನ ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಆದರೆ ಅವು ದಾರಿಯ ನಿಲ್ದಾಣಕ್ಕೆಂದು ಬರುವಂಥವು. ಪ್ರಯಾಣಿಕರು ಇಳಿದು ಕದ್ರಿ, ಮೂಡುಬಿದಿರೆ, ಕಾರ್ಕಳ ನೋಡಿ ಸಂಜೆಗೆ ಹಡಗು ಸೇರುತ್ತಾರೆ. ನಮ್ಮಂಥವರು ಚೀಲ ಹಿಡಿದು ಹತ್ತಿ, ಎರಡು ದಿನ ಸುತ್ತಿ ಅಲ್ಲೇ ಇಳಿಯುವ ವ್ಯವಸ್ಥೆ ಅಲ್ಲಿಲ್ಲ.

ಯಾವ ತಿಂಗಳಲ್ಲಿ ಸಮುದ್ರ ಶಾಂತವಾಗಿರುತ್ತದೆ?

ಅರಬ್ಬಿ ಸಮುದ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಕೈಯಲ್ಲಿರುತ್ತದೆ. ಆ ತಿಂಗಳುಗಳಲ್ಲಿ ಮುಂಬೈಯ ಹಡಗು ಪೂರ್ವ ಕರಾವಳಿಗೆ ಹೋಗಿ ಚೆನ್ನೈಯಿಂದ ಓಡಾಡುವುದುಂಟು. ದಸರಾ ರಜೆಯ ಹೊತ್ತಿಗೆ ಅಲೆ ಇಳಿಯುತ್ತದೆ. ಡಿಸೆಂಬರ್, ಜನವರಿ ಉತ್ತಮ. ದರವೂ ಹಾಗೆಯೇ ಮೇಲೆ. ಏಪ್ರಿಲ್‌ನಲ್ಲಿ ಸಮುದ್ರ ಶಾಂತ, ಆದರೆ ಮಧ್ಯಾಹ್ನದ ಡೆಕ್ ಮೇಲೆ ಬರಿಗಾಲಲ್ಲಿ ನಿಂತರೆ ಕಾವಲಿ. ಸಿಂಗಪುರದಿಂದ ಪೆನಾಂಗ್ ಕಡೆಗೆ ಹೋಗುವ ಮಲಾಕಾ ಜಲಸಂಧಿಗೆ ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲಯಾ ಪರ್ಯಾಯ ದ್ವೀಪ ಗೋಡೆಯಂತಿವೆ. ಹಾಗಾಗಿ ಅಲ್ಲಿ ಅಲೆಯ ಕಾಟ ಕಡಿಮೆ. ಮಳೆ ಮಾತ್ರ ಯಾವ ತಿಂಗಳಾದರೂ ಬರಬಹುದು.

ಹಡಗು ಮುಳುಗಿದರೆ?

ಇದು ಅತ್ತೆಯ ಪ್ರಶ್ನೆ. ಟಿಕೆಟ್ ಕೊಂಡ ದಿನದಿಂದ ಹತ್ತುವ ದಿನದವರೆಗೆ ಕೇಳಿದರು. ಟೈಟಾನಿಕ್ ಮುಳುಗಿದ್ದು 1912ರಲ್ಲಿ. ಎಲ್ಲರಿಗೂ ಸಾಲುವಷ್ಟು ಜೀವರಕ್ಷಕ ದೋಣಿಗಳಿರಬೇಕೆಂಬ ಅಂತರರಾಷ್ಟ್ರೀಯ ನಿಯಮ ಆ ದುರಂತದಿಂದಲೇ ಹುಟ್ಟಿತು. 2012ರಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದಾಗ, ಅದೇ ದಿನ ಹತ್ತಿದ್ದ ನೂರಾರು ಜನರಿಗೆ ಸುರಕ್ಷತಾ ತಾಲೀಮು ಇನ್ನೂ ಆಗಿರಲಿಲ್ಲ. ಅಲ್ಲಿಂದೀಚೆಗೆ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಆ ತಾಲೀಮು ನಡೆಯಬೇಕು. ಇದನ್ನು ಮಸ್ಟರ್ ಡ್ರಿಲ್ ಎನ್ನುತ್ತಾರೆ. ಮಗು ಅಳುತ್ತಿದೆ ಎಂದು ತಪ್ಪಿಸಿಕೊಳ್ಳಬೇಡಿ.

ಕೋಣೆಗೆ ಕಾಲಿಟ್ಟ ಕೂಡಲೇ ಮಾಡಬೇಕಾದ ಕೆಲಸ, ಅಲ್ಲಿರುವ ಜೀವರಕ್ಷಕ ಜಾಕೆಟ್‌ಗಳನ್ನು ಎಣಿಸುವುದು. ಸಾಮಾನ್ಯವಾಗಿ ದೊಡ್ಡವರದು ಮಾತ್ರ ಇರುತ್ತದೆ. ಮಕ್ಕಳ ಅಳತೆಯದನ್ನೂ ಕೂಸಿನದನ್ನೂ ಕೇಳಿ ಪಡೆಯಬೇಕು, ಅದು ನಿಮ್ಮ ಹಕ್ಕು. ಎಷ್ಟೋ ಹಡಗುಗಳಲ್ಲಿ ಮಕ್ಕಳ ಕೈಗೆ ಸೇರಬೇಕಾದ ಜಾಗದ ಗುರುತಿರುವ ಪಟ್ಟಿ ಕಟ್ಟುತ್ತಾರೆ. ಮಗಳು ಊರಿಗೆ ಬಂದ ಮೇಲೂ ವಾರಗಟ್ಟಲೆ ಅದನ್ನು ಬಿಚ್ಚಗೊಡಲಿಲ್ಲ.

## ದುಡ್ಡು, ಕೋಣೆ, ಕಾಗದಪತ್ರ

ಟಿಕೆಟ್‌ನಲ್ಲೇ ಎಲ್ಲ ಸೇರಿದೆ ಎನ್ನುತ್ತಾರೆ, ನಿಜವೇ?

ಅರ್ಧ ನಿಜ. ಕೋಣೆ, ಮುಖ್ಯ ಭೋಜನಶಾಲೆ ಮತ್ತು ಬಫೆಯ ಊಟ, ಈಜುಕೊಳ, ಸಂಜೆಯ ಕಾರ್ಯಕ್ರಮಗಳು, ಮಕ್ಕಳ ಕ್ಲಬ್, ಇಷ್ಟು ಸೇರಿರುತ್ತದೆ. ತಂಪು ಪಾನೀಯ, ಒಳ್ಳೆಯ ಕಾಫಿ, ವೈಫೈ, ವಿಶೇಷ ರೆಸ್ಟೋರೆಂಟ್, ಬಂದರಿನ ಪ್ರವಾಸ, ಫೋಟೋ ಸೇರಿರುವುದಿಲ್ಲ. ಬಂದರು ಶುಲ್ಕವನ್ನು ದರದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ಎಲ್ಲಕ್ಕಿಂತ ಹೆಚ್ಚಾಗಿ ಜನ ಬೆಚ್ಚಿಬೀಳುವುದು ದಿನದ ಸೇವಾಶುಲ್ಕಕ್ಕೆ. ಅಮೆರಿಕದ ಕಂಪನಿಗಳಲ್ಲಿ ತಲೆಗೆ ದಿನಕ್ಕೆ 15ರಿಂದ 20 ಡಾಲರ್ ತಾನಾಗಿಯೇ ಖಾತೆಗೆ ಬೀಳುತ್ತದೆ, ಹಲವು ಕಡೆ ಕೂಸಿಗೂ. 18 ಡಾಲರ್ ಎಂದುಕೊಂಡರೂ ಐದು ಜನಕ್ಕೆ ನಾಲ್ಕು ರಾತ್ರಿಗೆ 360 ಡಾಲರ್. ವಿದೇಶದ ಪ್ಯಾಕೇಜ್ ಆದರೆ ಏಜೆಂಟರು ಟಿಸಿಎಸ್ (ಮೂಲದಲ್ಲೇ ವಸೂಲು ಮಾಡುವ ತೆರಿಗೆ) ಎಂದು ಇನ್ನೊಂದು ಮೊತ್ತ ಹಿಡಿಯುತ್ತಾರೆ. ಅದು ಹೋದ ದುಡ್ಡಲ್ಲ, ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ, ರಸೀದಿ ಜೋಪಾನ.

ಕೈಯಲ್ಲಿ ಒಂದಿಷ್ಟು ಹೆಚ್ಚು ಹಣವಿದ್ದರೆ ಎಲ್ಲಿ ಹಾಕಲಿ ಎಂದು ಕೇಳುವವರಿಗೆ ನನ್ನದು ಒಂದೇ ಉತ್ತರ: ಕೋಣೆಗೆ. ಪಾನೀಯದ ಪ್ಯಾಕೇಜ್, ಪ್ರವಾಸ ಯಾವುದೂ ಮಕ್ಕಳಿರುವವರಿಗೆ ಅಷ್ಟು ದಕ್ಕುವುದಿಲ್ಲ.

ಬಾಲ್ಕನಿ ಕೋಣೆ ಅಪಾಯವಲ್ಲವೇ? ಮಗು ಹತ್ತಿಬಿಟ್ಟರೆ?

ಬಾಲ್ಕನಿಯ ಕಟಕಟೆ ಎತ್ತರವಿರುತ್ತದೆ, ಬಾಗಿಲಿನ ಹಿಡಿಕೆ ಬಿಗಿಯಾಗಿರುತ್ತದೆ. ಅಪಾಯವಿರುವುದು ಅಲ್ಲಿ ಹಾಕಿರುವ ಕುರ್ಚಿಯಲ್ಲಿ. ಮಗು ಅದನ್ನು ಎಳೆದು ಹತ್ತಬಹುದು. ಕುರ್ಚಿಗಳನ್ನು ಒಳಗಿಡಿ, ಇಲ್ಲವೇ ಕೋಣೆ ನೋಡಿಕೊಳ್ಳುವವರಿಗೆ ಹೇಳಿ ತೆಗೆಸಿ. ದೊಡ್ಡವರಿಲ್ಲದೆ ಮಕ್ಕಳು ಅಲ್ಲಿ ಕಾಲಿಡಬಾರದು, ಅಷ್ಟೇ.

ಬಾಲ್ಕನಿಯ ಬೆಲೆ ಗೊತ್ತಾಗುವುದು ಮಧ್ಯಾಹ್ನ ಎರಡಕ್ಕೆ, ಮಕ್ಕಳು ಒಳಗೆ ಮಲಗಿದಾಗ. ಕಿಟಕಿಯಿಲ್ಲದ ಒಳಕೋಣೆಯಾದರೆ ಕತ್ತಲಲ್ಲಿ ಉಸಿರು ಬಿಗಿಹಿಡಿದು ಕೂರಬೇಕು. ಬಾಲ್ಕನಿಯಿದ್ದರೆ ಗಂಡ ಹೆಂಡತಿ ಎರಡು ಗಂಟೆ ಸಮುದ್ರ ನೋಡುತ್ತ ಮಾತಾಡಬಹುದು. ಇಡೀ ಪ್ರಯಾಣದಲ್ಲಿ ನನಗೆ ಸಿಕ್ಕ ರಜೆ ಅದೊಂದೇ. ಹಾಗೆಂದು ಒಳಕೋಣೆಯನ್ನು ಹಳಿಯಲಾರೆ: ಅಲ್ಲಿನ ಕಗ್ಗತ್ತಲಲ್ಲಿ ಮಕ್ಕಳು ಎಂಟರವರೆಗೆ ಏಳುವುದಿಲ್ಲ.

ಮೂರನೆಯ, ನಾಲ್ಕನೆಯ ಹಾಸಿಗೆ ರೈಲಿನ ಅಪ್ಪರ್ ಬರ್ತ್‌ನಂತೆ ಗೋಡೆಯಿಂದಲೋ ಚಾವಣಿಯಿಂದಲೋ ಇಳಿಯುತ್ತದೆ. ಆರು ವರ್ಷದೊಳಗಿನವರನ್ನು ಅಲ್ಲಿ ಮಲಗಿಸಬೇಡಿ. ಕೂಸಿಗೆ ತೊಟ್ಟಿಲಿನಂಥ ಮಡಚುವ ಮಂಚ ಉಚಿತವಾಗಿ ಸಿಗುತ್ತದೆ, ಬುಕಿಂಗ್ ವೇಳೆಯೇ ಕೇಳಿ. ಕೋಣೆ ಹಡಗಿನ ನಡುಭಾಗದಲ್ಲಿರಲಿ, ಮೇಲೂ ಕೆಳಗೂ ಬೇರೆಯವರ ಕೋಣೆಗಳೇ ಇರಲಿ. ರಂಗಮಂದಿರದ ಮೇಲೆ ಸಿಕ್ಕಿದರೆ ಹನ್ನೊಂದರವರೆಗೆ ಡ್ರಮ್ ಬಾರಿಸುವುದು ನಿಮ್ಮ ದಿಂಬಿನ ಕೆಳಗೇ.

ಮಗುವಿಗೂ ಪಾಸ್‌ಪೋರ್ಟ್ ಬೇಕೇ? ವೀಸಾ ಎಷ್ಟು?

ಮುಂಬೈ–ಗೋವಾಕ್ಕೆ ಆಧಾರ್ ಸಾಕು, ಮಗುವಿನದೂ ಸೇರಿ. ಲಕ್ಷದ್ವೀಪಕ್ಕೆ ಇಳಿಯಲು ಪರವಾನಗಿ ಬೇಕು. ಬುಕಿಂಗ್ ಮಾಡಿದವರು ಮಾಡಿಸಿಕೊಡುತ್ತಾರೆಯೇ ಎಂದು ಕೇಳಿ. ವಿದೇಶಕ್ಕಾದರೆ ಹಸುಗೂಸಿಗೂ ಅದರದೇ ಪಾಸ್‌ಪೋರ್ಟ್. ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷದ ಆಯುಷ್ಯ, ಪ್ರಯಾಣದ ವೇಳೆ ಅದರಲ್ಲಿ ಆರು ತಿಂಗಳಾದರೂ ಉಳಿದಿರಬೇಕು. ಹುಟ್ಟಿದ ವರ್ಷ ಮಾಡಿಸಿದ್ದನ್ನು ಬೀರುವಿನಲ್ಲಿಟ್ಟು ಮರೆತವರು ಬಹಳ ಮಂದಿ.

ಸಿಂಗಪುರದ್ದು ಇನ್ನೊಂದು ಸೂಕ್ಷ್ಮ. ವಿಮಾನದಲ್ಲಿ ಬಂದಾಗ ಒಂದು ಸಲ, ಕ್ರೂಸ್ ಮುಗಿಸಿ ಮರಳಿದಾಗ ಇನ್ನೊಂದು ಸಲ, ಹೀಗೆ ನೀವು ಆ ದೇಶವನ್ನು ಎರಡು ಬಾರಿ ಪ್ರವೇಶಿಸುತ್ತೀರಿ. ವೀಸಾದಲ್ಲಿ ಬಹು ಪ್ರವೇಶಕ್ಕೆ ಅವಕಾಶ ಇದೆಯೇ ನೋಡಿ. ಆಗಮನ ಕಾರ್ಡನ್ನೂ ಎರಡು ಬಾರಿ ಆನ್‌ಲೈನ್‌ನಲ್ಲಿ ತುಂಬಬೇಕು, ತಲುಪುವುದಕ್ಕೆ ಮುಂಚಿನ ಮೂರು ದಿನದೊಳಗೆ. ಎರಡನೆಯದರ ಆ ಮೂರು ದಿನ ಶುರುವಾಗುವುದು ಹಡಗು ಹತ್ತಿದ ಮೇಲೆಯೇ, ಆದ್ದರಿಂದ ದಾರಿಯ ಬಂದರಿನಲ್ಲೋ ಹಡಗಿನಲ್ಲೋ ವೈಫೈ ಸಿಕ್ಕಾಗ ಮುಗಿಸಿದರೆ ನೆಮ್ಮದಿ. ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟಿದೆ. ಥಾಯ್ಲೆಂಡ್‌ನ ನಿಯಮ ಆಗಾಗ ಬದಲಾಗುವುದರಿಂದ ಹೊರಡುವ ತಿಂಗಳು ಮತ್ತೆ ನೋಡಿ.

ಮಕ್ಕಳನ್ನು ಅಜ್ಜಿ ತಾತನ ಜೊತೆ ಮಾತ್ರ ಕಳಿಸಬಹುದೇ?

ಕಳಿಸಬಹುದು. ತಂದೆ ತಾಯಿ ಇಬ್ಬರೂ ಸಹಿ ಮಾಡಿದ, ನೋಟರಿ ಆದ ಒಪ್ಪಿಗೆ ಪತ್ರ ಮತ್ತು ಜನನ ಪ್ರಮಾಣಪತ್ರ ಕಳಿಸಿ. ಅಪ್ಪ ಅಥವಾ ಅಮ್ಮ ಒಬ್ಬರೇ ಹೋಗುವಾಗಲೂ ಇನ್ನೊಬ್ಬರ ಪತ್ರವಿದ್ದರೆ ಒಳ್ಳೆಯದು. ಅಜ್ಜಿ ತಾತನ ಮೊಣಕಾಲಿನ ಸ್ಥಿತಿಯನ್ನು ಮಾತ್ರ ಮೊದಲು ವಿಚಾರಿಸಿ.

## ಚೀಲ ಕಟ್ಟುವಾಗ

ಏನೇನು ಒಯ್ಯಬೇಕು?

ಪಟ್ಟಿ ಎಲ್ಲೆಡೆ ಸಿಗುತ್ತದೆ. ಯಾರೂ ಹೇಳದ್ದನ್ನು ಹೇಳುತ್ತೇನೆ. ಬಂದರಿನಲ್ಲಿ ನಿಮ್ಮ ದೊಡ್ಡ ಚೀಲಗಳನ್ನು ತೆಗೆದುಕೊಂಡು ಚೀಟಿ ಅಂಟಿಸಿ ಕಳಿಸುತ್ತಾರೆ. ಅವು ಕೋಣೆಯ ಬಾಗಿಲಿಗೆ ಬರುವುದು ಸಂಜೆಗೆ, ಒಮ್ಮೊಮ್ಮೆ ರಾತ್ರಿಗೆ. ನಮ್ಮದು ಬಂದದ್ದು ಎಂಟೂವರೆಗೆ. ಅಷ್ಟರಲ್ಲಿ ಮಗ ಸಾಂಬಾರಿನಲ್ಲಿ ಮಿಂದಿದ್ದ, ಬಟ್ಟೆಯಿಲ್ಲದೆ ಅತ್ತೆಯ ಶಾಲು ಸುತ್ತಿಕೊಂಡು ಹಡಗು ಸುತ್ತಿದ. ಆದ್ದರಿಂದ ಕೈಚೀಲದಲ್ಲಿ ಡೈಪರ್, ಔಷಧಿ, ಎರಡು ಜೊತೆ ಬಟ್ಟೆ, ಈಜುಡುಗೆ, ಮಗುವಿನ ತಿಂಡಿ, ಪಾಸ್‌ಪೋರ್ಟ್ ಇರಲೇಬೇಕು.

ಕೋಣೆಯ ಬಚ್ಚಲಲ್ಲಿ ಶವರ್ ಮಾತ್ರ, ಕಾಲು ಚಾಚಲು ಜಾಗವಿಲ್ಲ. ನೆತ್ತಿಯ ಮೇಲಿನಿಂದ ನೀರು ಬಿದ್ದರೆ ಕಿರುಚುವ ಮಕ್ಕಳಿಗಾಗಿ ಒಂದು ಪ್ಲಾಸ್ಟಿಕ್ ಮಗ್ ಒಯ್ಯಿರಿ. ವಿದೇಶಿ ಹಡಗಿನ ಶೌಚಾಲಯದಲ್ಲಿ ಕಾಗದವೇ ಗತಿ. ಅದೇ ಮಗ್ ಅಲ್ಲಿಯೂ ಮಾನ ಕಾಯುತ್ತದೆ.

ಸಿಂಗಪುರಕ್ಕೆ ಗಸಗಸೆ ಒಯ್ಯಬೇಡಿ. ಅಲ್ಲಿ ಅದು ಮಾದಕವಸ್ತುವಿನ ಪಟ್ಟಿಯಲ್ಲಿದೆ. ಮಸಾಲೆಪುಡಿಯಲ್ಲಿ, ಸಿಹಿಯಲ್ಲಿ ಸೇರಿಕೊಂಡಿದ್ದರೂ ತೊಂದರೆಯೇ.

ಮಗು ರಾಗಿ ಸರಿ ಬಿಟ್ಟು ಬೇರೆ ಮುಟ್ಟುವುದಿಲ್ಲ. ಚಿಕ್ಕ ಎಲೆಕ್ಟ್ರಿಕ್ ಕುಕ್ಕರ್ ಒಯ್ಯಲೇ?

ಬೇಡ. ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯ ಇನ್ನೊಂದಿಲ್ಲ. ಕುಕ್ಕರ್, ಕೆಟಲ್, ಇಸ್ತ್ರಿಪೆಟ್ಟಿಗೆ, ಕೆಲವು ಬಗೆಯ ಎಕ್ಸ್‌ಟೆನ್ಷನ್ ಬೋರ್ಡ್ ಎಲ್ಲವನ್ನೂ ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಮಾಡಿದ ಚಕ್ಕುಲಿ, ಕೋಡುಬಳೆಯನ್ನೂ ಹಲವು ಕಂಪನಿಗಳು ಬಿಡುವುದಿಲ್ಲ. ಮೊಹರು ಮುರಿಯದ ಪೊಟ್ಟಣಗಳಿಗೆ ಮತ್ತು ಮಗುವಿನ ಆಹಾರಕ್ಕೆ ಅಡ್ಡಿಯಿಲ್ಲ. ಕುದಿಸಬೇಕಾದ ರಾಗಿ ಹಿಟ್ಟಿನ ಬದಲು ಬಿಸಿನೀರಿನಲ್ಲಿ ಕಲಸಿದರೆ ಸಾಕಾಗುವ ಪುಡಿ ಹುಡುಕಿ, ಹೊರಡುವ ಹದಿನೈದು ದಿನ ಮೊದಲೇ ಮನೆಯಲ್ಲಿ ರೂಢಿ ಮಾಡಿಸಿ. ಬಿಸಿನೀರು ಬಫೆಯಲ್ಲಿ ಸದಾ ಸಿಗುತ್ತದೆ, ಒಂದು ಫ್ಲಾಸ್ಕ್ ಇರಲಿ.

ನಾವು ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಉಪವಾಸವೇ?

ಮುಂಬೈಯ ಹಡಗಿನಲ್ಲಿ ಜೈನ ಊಟವೇ ಬೇರೆ ಸಿಗುತ್ತದೆ. ಸಿಂಗಪುರದ ಹಡಗುಗಳಿಗೆ ನಮ್ಮವರ ಪರಿಚಯ ಚೆನ್ನಾಗಿದೆ. ಬುಕಿಂಗ್ ವೇಳೆ ಬರೆಸಿ, ಮೊದಲ ರಾತ್ರಿ ಭೋಜನಶಾಲೆಯ ಮುಖ್ಯಸ್ಥರಿಗೆ ಬಾಯಲ್ಲೂ ಹೇಳಿ, ಮರುದಿನದಿಂದ ನಿಮಗಾಗಿಯೇ ಮಾಡಿಡುತ್ತಾರೆ. ಏನೂ ಇಲ್ಲದಿದ್ದರೆ ಬಫೆಯಲ್ಲಿ ಬಿಳಿ ಅನ್ನವಿದೆ, ಸಕ್ಕರೆ ಹಾಕದ ಮೊಸರಿದೆ. ಅತ್ತೆ ಎರಡು ಪೊಟ್ಟಣ ಉಪ್ಪಿನಕಾಯಿಯ ಬಲದಲ್ಲಿ ನಾಲ್ಕು ದಿನ ಮೊಸರನ್ನ ತಿಂದು, ಊಟ ಪರವಾಗಿಲ್ಲ ಎಂದರು.

## ಹಡಗಿನೊಳಗೆ

ಚಾರ್ಮಾಡಿ ಘಾಟಿಯಲ್ಲೇ ವಾಂತಿ ಮಾಡುವ ಮಗು. ಹಡಗಿನಲ್ಲಿ ಏನು ಗತಿ?

ಘಾಟಿಯ ತಿರುವಿಗೂ ಹಡಗಿನ ತೂಗಾಟಕ್ಕೂ ವ್ಯತ್ಯಾಸವಿದೆ. ದೊಡ್ಡ ಹಡಗುಗಳ ಎರಡೂ ಮಗ್ಗುಲಿಗೆ ನೀರೊಳಗೆ ರೆಕ್ಕೆಗಳಿದ್ದು, ಹೊಯ್ದಾಟವನ್ನು ತಗ್ಗಿಸುತ್ತವೆ. ಎರಡು ವರ್ಷದೊಳಗಿನ ಮಕ್ಕಳಿಗೆ ಈ ತೊಂದರೆ ಅಪರೂಪ. ಹೆಚ್ಚಾಗಿ ಕಾಡುವುದು ಎರಡರಿಂದ ಹನ್ನೆರಡರೊಳಗಿನವರಿಗೆ. ಕಿವಿಯೊಳಗಿನ ಸಮತೋಲನದ ಅಂಗ ಅಲುಗುತ್ತಿದೆ ಎನ್ನುತ್ತದೆ, ಕೋಣೆಯ ಗೋಡೆ ನೋಡುವ ಕಣ್ಣು ಇಲ್ಲ ಎನ್ನುತ್ತದೆ. ಆ ಜಗಳವೇ ಹೊಟ್ಟೆ ತೊಳಸುವುದಕ್ಕೆ ಕಾರಣ. ಡೆಕ್ ಮೇಲೆ ಕರೆದುಕೊಂಡು ಹೋಗಿ ದಿಗಂತ ತೋರಿಸಿ, ಮೊಬೈಲ್ ಕಿತ್ತುಕೊಳ್ಳಿ, ಹೊಟ್ಟೆ ಖಾಲಿ ಬಿಡಬೇಡಿ. ಮಾತ್ರೆಯನ್ನು ಮಕ್ಕಳ ವೈದ್ಯರನ್ನು ಕೇಳಿಯೇ ಒಯ್ಯಿರಿ. ಪ್ರೊಮೆಥಜೀನ್ ಇರುವ ಔಷಧಿಯನ್ನು ಎರಡು ವರ್ಷದೊಳಗಿನವರಿಗೆ ಕೊಡಲೇಬಾರದು.

ಡೈಪರ್ ಹಾಕುವ ಮಗುವನ್ನು ಈಜುಕೊಳಕ್ಕೆ ಬಿಡುತ್ತಾರೆಯೇ?

ಬಹುತೇಕ ಬಿಡುವುದಿಲ್ಲ, ಈಜು ಡೈಪರ್ ಇದ್ದರೂ. ಕೆಲವು ಹಡಗುಗಳಲ್ಲಿ ಕೂಸುಗಳಿಗೆಂದೇ ನೀರು ಚಿಮ್ಮುವ ಪುಟ್ಟ ಜಾಗವಿರುತ್ತದೆ. ಹಡಗು ಆರಿಸುವಾಗಲೇ ವಿಚಾರಿಸಿ. ಅಕ್ಕ ನೀರಿನಲ್ಲಿ ಆಡುವಾಗ ತಮ್ಮನನ್ನು ದಡದಲ್ಲಿ ಹಿಡಿದು ನಿಲ್ಲಿಸುವುದಕ್ಕಿಂತ ಬೇರೆ ಶಿಕ್ಷೆಯಿಲ್ಲ. ಹೆಚ್ಚಿನ ಹಡಗುಗಳಲ್ಲಿ ನೀರಿನ ಬಳಿ ಪ್ರತಿ ಮಗುವಿನ ಕಾವಲು ನಿಮ್ಮದೇ ಎಂದು ತಿಳಿದುಕೊಳ್ಳಿ.

ಮಕ್ಕಳ ಕ್ಲಬ್‌ನಲ್ಲಿ ಬಿಟ್ಟರೆ ಅಳುವುದಿಲ್ಲವೇ?

ಮೂರು ತುಂಬಿರಬೇಕು, ಶೌಚದ ಅಭ್ಯಾಸ ಆಗಿರಬೇಕು. ಅಲ್ಲಿನವರು ಡೈಪರ್ ಬದಲಿಸುವುದಿಲ್ಲ. ಮೂರರೊಳಗಿನವರಿಗೆ ಕೆಲವು ದೊಡ್ಡ ಹಡಗುಗಳಲ್ಲಿ ಗಂಟೆಗಿಷ್ಟು ಎಂದು ಶುಲ್ಕ ಕೊಟ್ಟು ಬಿಡುವ ಶಿಶುವಿಹಾರವಿದೆ, ಮೊದಲ ದಿನವೇ ಜಾಗ ತುಂಬುತ್ತದೆ. ಹತ್ತಿದ ಮಧ್ಯಾಹ್ನ ಕ್ಲಬ್ ನೋಡಲು ಎಲ್ಲರನ್ನೂ ಬಿಡುತ್ತಾರೆ. ಆಗ ಜೊತೆಯಲ್ಲಿ ಕೂತು ಆಡಿಸಿ, ಮರುದಿನ ಅರ್ಧ ಗಂಟೆ ಬಿಟ್ಟು ನೋಡಿ. ಇಂಗ್ಲಿಷ್ ಬಾರದು ಎಂಬ ಚಿಂತೆ ಬೇಡ, ಆದರೆ 'ನೀರು', 'ಸುಸು', 'ಅಮ್ಮ ಬೇಕು' ಇವಕ್ಕೆ ಇಂಗ್ಲಿಷ್ ಮಾತು ಕಲಿಸಿರಿ. ನಮ್ಮ ಮಗಳನ್ನು ಹೊರಗೆ ಕರೆತರಲೇ ನಾನು ಪಟ್ಟ ಪಾಡು ಬೇರೆ ಕಥೆ.

ರಾತ್ರಿ ಊಟಕ್ಕೆ ಬೇಗನೆಯ ಸರದಿ ಆರಿಸಲೇ?

ಮುಂಬೈಯಿಂದಾದರೆ ಹೌದು. ಸಿಂಗಪುರದಿಂದಾದರೆ ನಿಲ್ಲಿ, ಲೆಕ್ಕ ಹಾಕಿ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಸಂಜೆ ಐದೂವರೆಯ ಊಟ ಎಂದರೆ ಮಗುವಿನ ಹೊಟ್ಟೆಗೆ ಮಧ್ಯಾಹ್ನ ಮೂರು ಗಂಟೆ. ಬೆಂಗಳೂರಿನಲ್ಲಿ ಒಂಬತ್ತಕ್ಕೆ ಮಲಗುವ ಮಗು ಅಲ್ಲಿ ಹನ್ನೊಂದೂವರೆಗೆ ಮಲಗುತ್ತದೆ. ಬಡಿದು ಮಲಗಿಸಲು ಹೋಗದೆ ತಡವಾದ ಸರದಿ ಹಿಡಿದರೆ ಊಟ, ಕಾರ್ಯಕ್ರಮ ಎಲ್ಲ ದಕ್ಕುತ್ತದೆ. ಬೆಳಿಗ್ಗೆ ಮಾತ್ರ ಹತ್ತರವರೆಗೆ ಯಾರೂ ಏಳುವುದಿಲ್ಲ.

ಕಾಯಿಲೆ ಬಿದ್ದರೆ?

ವೈದ್ಯರಿದ್ದಾರೆ, ಬಿಲ್ಲೂ ಇದೆ. ಡಾಲರ್ ಲೆಕ್ಕದಲ್ಲಿ ಬರುತ್ತದೆ, ನಮ್ಮ ಊರಿನ ಆರೋಗ್ಯ ವಿಮೆ ಅಲ್ಲಿ ನಡೆಯುವುದಿಲ್ಲ. ಕ್ರೂಸ್ ಕೂಡ ಸೇರಿದೆ ಎಂದು ಬರೆದಿರುವ ಪ್ರವಾಸ ವಿಮೆ ತೆಗೆದುಕೊಳ್ಳಿ. ಹಡಗಿನಲ್ಲಿ ಬೇಗ ಹಬ್ಬುವ ವಾಂತಿಭೇದಿಗೆ ನೊರೊವೈರಸ್ ಕಾರಣ. ಅದಕ್ಕೆ ಸ್ಯಾನಿಟೈಸರ್ ಅಷ್ಟಾಗಿ ಜಗ್ಗುವುದಿಲ್ಲ, ಸೋಪು ನೀರೇ ಮದ್ದು. ಬಫೆಗೆ ಹೋಗುವ ಮುನ್ನ ಕೈ ತೊಳೆಸುವ ಅಜ್ಜಿಯಂದಿರು ಸರಿಯಾಗಿಯೇ ಮಾಡುತ್ತಿದ್ದಾರೆ.

ಮೊಬೈಲ್ ನಡೆಯುತ್ತದೆಯೇ?

ದಡ ಬಿಟ್ಟ ಮೇಲೆ ಫೋನ್ ಹಡಗಿನದೇ ಜಾಲ ಹಿಡಿದುಕೊಂಡರೆ ಬರುವ ಬಿಲ್ಲು ಟಿಕೆಟ್‌ಗೆ ಸಮ. ಹೊರಡುವಾಗಲೇ ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಕಾರ್ಟೂನ್‌ಗಳನ್ನು ಊರಲ್ಲೇ ಇಳಿಸಿಕೊಂಡಿರಿ.

## ಸ್ವಲ್ಪ ಪಳಗಿದವರಿಗೆ

ಬಂದರು ಬಂದಾಗ ಇಳಿಯಲೇಬೇಕೇ?

ಇಲ್ಲ. ನಾನು ಎಲ್ಲರಿಗೂ ಒತ್ತಿ ಹೇಳುವುದು ಇದನ್ನೇ. ಗೋವಾವನ್ನು ನಾವು ಎಷ್ಟು ಸಲ ನೋಡಿಲ್ಲ? ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಗೋವಾ. ಮುರಗಾಂವ್ ಬಂದರಿನಲ್ಲಿ ಹಡಗೆಲ್ಲ ಖಾಲಿಯಾದಾಗ ಈಜುಕೊಳ, ಜಾರುಬಂಡೆ, ಬಫೆ ಎಲ್ಲವೂ ನಿಮ್ಮದೇ. ಆ ದಿನ ಮಗಳು ಸರದಿಯಿಲ್ಲದೆ ನಲವತ್ತು ಸಲ ಜಾರಿದಳು, ಎಣಿಸಿದವಳು ನಾನು.

ಹಡಗು ದೂರದಲ್ಲಿ ಲಂಗರು ಹಾಕಿ ಚಿಕ್ಕ ದೋಣಿಯಲ್ಲಿ ಇಳಿಸುವ ಕಡೆ ಇನ್ನೂ ಯೋಚಿಸಿ. ಲಕ್ಷದ್ವೀಪದಲ್ಲಿ, ಫುಕೆಟ್‌ನ ಪಟಾಂಗ್ ಕೊಲ್ಲಿಯಲ್ಲಿ ಹೀಗೆ ಮಾಡುತ್ತಾರೆ. ಅಲುಗುವ ದೋಣಿಗೆ ಸ್ಟ್ರೋಲರ್ ಎತ್ತಿ ಹಾಕುವುದು ಸರ್ಕಸ್ಸು. ಗಾಳಿ ಜೋರಾದರೆ ಇಳಿಸುವುದೇ ಇಲ್ಲ. ಪೆನಾಂಗ್ ಇದಕ್ಕೆ ತದ್ವಿರುದ್ಧ. ಹಡಗು ಜಾರ್ಜ್ ಟೌನ್ ಊರಿನ ಹೊಸ್ತಿಲಿಗೇ ಬಂದು ನಿಲ್ಲುತ್ತದೆ. ನಡೆದುಕೊಂಡು ಲಿಟಲ್ ಇಂಡಿಯಾ ತಲುಪಿ, 1833ರ ಮಹಾಮಾರಿಯಮ್ಮನ ಗುಡಿ ನೋಡಿ, ಇಡ್ಲಿ ತಿಂದು ಮೂರು ಗಂಟೆಯೊಳಗೆ ಮರಳಿದೆವು. ಪ್ರವಾಸದ ಬಸ್ಸಿಗೆ ಒಂದು ಕಾಸೂ ಕೊಡಲಿಲ್ಲ.

ತಡವಾಗಿ ಬಂದು ಹಡಗು ತಪ್ಪಿದರೆ?

ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಕಾಯುತ್ತಾರೆ. ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ, ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲಿ ಹೋಗಿ ಸೇರಬೇಕು. ಇಲ್ಲಿ ಜನ ಎಡವುವುದು ಗಡಿಯಾರದಲ್ಲಿ. ಥಾಯ್ಲೆಂಡ್ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ಹಡಗು ಸಿಂಗಪುರದ ಸಮಯದಲ್ಲೇ ನಡೆಯುತ್ತಿದ್ದು, ನಿಮ್ಮ ಮೊಬೈಲ್ ದಡದ ಸಮಯ ಹಿಡಿದರೆ, ಇನ್ನೂ ಒಂದು ಗಂಟೆಯಿದೆ ಎಂದುಕೊಂಡು ಎಳನೀರು ಕುಡಿಯುತ್ತಿರುತ್ತೀರಿ. ಆ ದಿನ ಕೈಗಡಿಯಾರ ಕಟ್ಟಿ, ಅದನ್ನು ಹಡಗಿನ ಗಡಿಯಾರಕ್ಕೆ ಹೊಂದಿಸಿ.

ಇಳಿಯುವ ದಿನ ಏನಾದರೂ ತಿಳಿದಿರಬೇಕೇ?

ದೊಡ್ಡ ಚೀಲಗಳನ್ನು ಹಿಂದಿನ ರಾತ್ರಿಯೇ ಕೋಣೆಯ ಹೊರಗಿಡಲು ಹೇಳುತ್ತಾರೆ, ಬೆಳಗಾಗುವಷ್ಟರಲ್ಲಿ ಅವು ಕೆಳಗೆ ಹೋಗಿರುತ್ತವೆ. ಬೆಳಿಗ್ಗೆ ಹಾಕಿಕೊಳ್ಳುವ ಬಟ್ಟೆ, ಚಪ್ಪಲಿ, ಡೈಪರ್ ಒಳಗೆ ಉಳಿದಿವೆಯೇ ನೋಡಿ ಚೀಲ ಮುಚ್ಚಿ. ಸಿಂಗಪುರದ ವಲಸೆ ತಪಾಸಣೆಯ ಸಾಲಿನಲ್ಲಿ ನಮ್ಮ ಮುಂದೆ ನಿಂತಿದ್ದ ಒಬ್ಬ ಅಪ್ಪ ಪಂಚೆಯಲ್ಲಿದ್ದರು. ಹಬ್ಬವೇ ಎಂದು ಅತ್ತೆ ವಿಚಾರಿಸಿದರು. ಪ್ಯಾಂಟುಗಳೆಲ್ಲ ಚೀಲದಲ್ಲಿ ಹೋಗಿಬಿಟ್ಟವು ಎಂದರು.